ಗುಂಡಿ ಹಾಕುವ ಹೊತ್ತು

ಆ ಮನೆಯಲ್ಲಿ ಬೆಳಗಾಯಿತೆಂದರೆ ಒಬ್ಬರ ಮುಖ ಒಬ್ಬರು ನೋಡುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಸೊಸೆಯ ಗಂಡ ಸಿಟಿ ಬಸ್ಸಿನ ಡ್ರೈವರು. ಮೊದಲ ಪಾಳಿಯ ದಿನ ಎಲ್ಲರಿಗಿಂತ ಮುಂಚೆ ಹೊರಡುವವನು, ಎರಡನೇ ಪಾಳಿಯ ದಿನ ಗೋಡೆಗೆ ಮುಖ ಮಾಡಿ ಮಲಗಿರುವವನು. ಅವರಿಬ್ಬರ ಮಗಳು ಎರಡು ಬಸ್ಸು ಬದಲಿಸಿ ಹೈಸ್ಕೂಲಿಗೆ ಹೋಗಬೇಕಾದವಳು. ಸೊಸೆಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ; ಮಕ್ಕಳು ಬರುವ ಮೊದಲು ಮೂಟೆಗಟ್ಟಲೆ ಆಲೂಗಡ್ಡೆ ಸುಲಿದು ಮುಗಿಸಿರಬೇಕು. ಎಲ್ಲಿಗೂ ಹೋಗಬೇಕಾಗಿಲ್ಲದವರು ಮಾವ ಒಬ್ಬರೇ. ಆದರೂ ಎಲ್ಲರಿಗಿಂತ ಮೊದಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಬೇಕೆಂಬುದು ಅವರ ಹಟ. ಬದುಕಿಡೀ ದರ್ಜಿಯಾಗಿದ್ದವರು. ದರ್ಜಿ ಬನಿಯನ್ನಲ್ಲಿ ಕೂತರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಕೇಳುವರು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಅತ್ತೆ ತೀರಿಕೊಂಡ ಕೆಲವು ವಾರಗಳಿಗೆ, ಒಂದು ಬೆಳಿಗ್ಗೆ, ಅವರು ಅಂಗಿಯ ಎರಡೂ ಅಂಚು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಬೆರಳು ಮಾತು ಕೇಳ್ತಿಲ್ಲ," ಅಂದರು.

ಸೊಸೆ ಒದ್ದೆ ಕೈಯನ್ನು ಸೆರಗಿಗೋ ಟವೆಲ್ಲಿಗೋ ಒರೆಸಿಕೊಂಡು ಗುಂಡಿ ಹಾಕಿದಳು. ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ಅವಳನ್ನು ಹೆಸರು ಹಿಡಿದು ಕರೆದದ್ದಕ್ಕಿಂತ "ಏಯ್" ಎಂದು ಕರೆದದ್ದೇ ಹೆಚ್ಚು. ಬೈಗುಳವಿಲ್ಲದೆ ಒಂದು ಲೋಟ ಟೀ ಅವರ ಗಂಟಲಿಗೆ ಇಳಿದದ್ದಿಲ್ಲ. ಅಂಥವರು ಶಾಲೆಗೆ ಹೊರಟ ಮಗುವಿನ ಹಾಗೆ ಗದ್ದ ಮೇಲೆತ್ತಿ ನಿಂತಿದ್ದರು. ಸಾವಿರಾರು ಗುಂಡಿ ಹೊಲಿದ ಕೈಗೆ ತನ್ನ ಗುಂಡಿ ಹಾಕಲು ಬಾರದಾಯಿತಲ್ಲ ಎಂದು ಪಕ್ಕದ ಮನೆಯಾಕೆ ಕೇಳಿದವರಿಗೂ ಕೇಳದವರಿಗೂ ಹೇಳಿ ಕನಿಕರ ಪಟ್ಟಳು.

ಮಾರನೆಯ ದಿನದಿಂದ ಸೊಸೆಯೇ ಅವರ ಕೋಣೆಗೆ ಹೋಗತೊಡಗಿದಳು. ಅವರು ಮಂಚದ ಅಂಚಿನಲ್ಲಿ ಕೂತಿರುವರು, ಇವಳು ಮುಂದೆ ನಿಂತು ಮೇಲಿನಿಂದ ಕೆಳಕ್ಕೆ ಗುಂಡಿ ಹಾಕುವಳು. ಆ ಹೊತ್ತಿನಲ್ಲಿ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೈ ಮಂಜುಗಡ್ಡೆ ಎಂದು ಬೈಯುವರು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು, ಆಮೇಲೆ ಕೋಟು ಬಿಗಿಯಾಯಿತೆಂದು ಜಗಳಕ್ಕೆ ಬರುತ್ತಿದ್ದ ಬ್ಯಾಂಕಿನ ಮ್ಯಾನೇಜರನ ಕಥೆ ಹೇಳುವರು. ಕಾಲರು ಸರಿ ಮಾಡಲು ಹೋದರೆ, "ಕತ್ತು ಹಿಸುಕಿ ಆಸ್ತಿ ಹೊಡ್ಕೊಳ್ಳೋ ಯೋಚನೆನಾ?" ಎನ್ನುವರು.

"ಆಸ್ತಿ ಅಂದ್ರೆ ಆ ಹೊಲಿಗೆ ಮೆಷಿನ್ನು ತಾನೆ? ನೀವೇ ಇಟ್ಕೊಳ್ಳಿ. ಕಿರುಗುಟ್ಟಿ ಕಿರುಗುಟ್ಟಿ ಸಾಕು ಮಾಡುತ್ತೆ, ಥೇಟು ನಿಮ್ಮ ಹಾಗೇ."

ಕೊನೆಯ ಗುಂಡಿಗೆ ಬರುವ ಹೊತ್ತಿಗೆ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ನಿನ್ನೆ ಸೌಟಮ್ಮ ಏನಂದಳು? ಸೌಟಮ್ಮ ಎಂದರೆ ಶಾಲೆಯ ಅಡುಗೆಮನೆಯ ಯಜಮಾನಿತಿ. ಆ ಹೆಸರಿಟ್ಟವರೂ ಮಾವನೇ. ಸೊಸೆ ನಡೆದದ್ದನ್ನೆಲ್ಲ ಹೇಳುವಳು. ಉಪ್ಪು ಹೆಚ್ಚಾದದ್ದು, ತಪ್ಪು ತನ್ನ ಮೇಲೆ ಬಂದದ್ದು, ತಾನು ತಿರುಗಿಸಿ ಕೊಟ್ಟದ್ದು. ಗಂಡನಾಗಲಿ ಮಗಳಾಗಲಿ ಅವಳ ದಿನ ಹೇಗೆ ಕಳೆಯಿತೆಂದು ಕೇಳಿದವರಲ್ಲ. ಕೆಟ್ಟವರೆಂದಲ್ಲ, ಅವರವರ ಅವಸರ ಅವರಿಗೆ. ಇಡೀ ದಿನದಲ್ಲಿ ಅವಳನ್ನು ಕೂರಿಸಿ ಕೇಳುತ್ತಿದ್ದವರು ಈ ಮುದುಕ ಒಬ್ಬರೇ, ಅದೂ ಅವಳನ್ನು ನಿಲ್ಲಿಸಿಕೊಂಡು.

ಹಿಂದಿನ ದಿನ ಅವರ ಕೋಣೆಯಲ್ಲಿ ಟವೆಲ್ಲು ಮರೆತು ಬಂದಿದ್ದವಳು ಒಂದು ಬೆಳಿಗ್ಗೆ ಎಂದಿಗಿಂತ ಮೊದಲೇ ಬರಿಗಾಲಲ್ಲಿ ಅತ್ತ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಮಾವ ಕನ್ನಡಿಯ ಮುಂದೆ ನಿಂತು ಏನೋ ಗುನುಗುತ್ತಾ, ಒಂದೇ ಕೈಯಲ್ಲಿ, ಕೆಳಗೆ ನೋಡದೆಯೇ, ಗುಂಡಿಗಳನ್ನು ಸರಸರನೆ ಹಾಕಿಕೊಳ್ಳುತ್ತಿದ್ದರು. ಹಳೆಯ ಅಭ್ಯಾಸ, ಮೈಮರೆತಿದ್ದರು. ಕೊನೆಯದನ್ನೂ ಹಾಕಿದ ಮೇಲೆ ನೆನಪಾಯಿತೇನೋ, ಬಾಯಲ್ಲಿ "ತ್ಚು" ಎಂದು, ಹಾಕಿದ್ದನ್ನೆಲ್ಲ ಅಷ್ಟೇ ಬೇಗ ಬಿಚ್ಚಿ, ಮಂಚದ ಮೇಲೆ ಕೂತು, ಭುಜ ಇಳಿಬಿಟ್ಟರು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಹಿಂದಕ್ಕೆ ಬಂದಳು. ಅಡುಗೆಮನೆಗೆ ಹೋಗಿ ಮನೆಯೊಳಗೆ ಹಾಕುವ ಚಪ್ಪಲಿ ಮೆಟ್ಟಿಕೊಂಡು, ಈ ಸಲ ನೆಲಕ್ಕೆ ಸರಬರ ಉಜ್ಜುತ್ತಾ ಹೋದಳು. ಅಂದಿನಿಂದ ಮಾವನ ಕೋಣೆಗೆ ಹೋಗುವಾಗಲೆಲ್ಲ ಅವಳ ಚಪ್ಪಲಿ ಸದ್ದು ಮಾಡುತ್ತಿತ್ತು. ಈ ವಿಷಯ ಅವಳು ಯಾರಿಗೂ ಹೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ ಯಾರಾದರೂ ಹತ್ತಿರ ಬಂದು ನಿಲ್ಲಬೇಕೆಂದಿದ್ದರೆ, ಅದನ್ನು ಬಾಯಿ ಬಿಟ್ಟು ಕೇಳುವುದು ಹೇಗೆ? ಕಳ್ಳನಿಗೊಂದು ಪಿಳ್ಳೆ ನೆವ, ಮಾವನಿಗೆ ಏಳು ಗುಂಡಿ.

ಹೀಗೆಯೇ ವರ್ಷಗಳು ಹೋದವು. ಮಗಳು ಯೂನಿವರ್ಸಿಟಿ ಸೇರಿದಳು.

ಅವಳು ಆರಿಸಿಕೊಂಡ ವಿಷಯ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ. ಗಂಡನಿಗೆ ಮಗಳು ಲೆಕ್ಕಪತ್ರ ಓದಲಿ, ನೆರಳಲ್ಲಿ ಕೂತು ದುಡಿಯಲಿ ಎಂದಿತ್ತು. ಇದರಲ್ಲಿ ಏನು ಕಲಿಸುತ್ತಾರೆ ಎಂದು ಊಟದ ಮೇಜಿನಲ್ಲಿ ಕೇಳಿದ. ಮನುಷ್ಯ ಹುಟ್ಟಿದಂದಿನಿಂದ ಸಾಯುವವರೆಗೂ ಹೇಗೆ ಬೆಳೆಯುತ್ತಾನೆ ಎಂಬುದನ್ನು ಎಂದಳು ಮಗಳು. ಸಾಯುವವರೆಗೂ ಬೆಳೆಯುತ್ತಾರೆಯೇ, ನಾನು ಸ್ಟಿಯರಿಂಗ್ ಹಿಡಿದ ದಿನವೇ ನಿಂತುಹೋದೆನಲ್ಲ ಎಂದ ಅವನು.

"ಕುಟುಂಬ ಅಧ್ಯಯನ ಅಂದ್ರೆ ನಮ್ಮನೇನೂ ಓದ್ತೀಯಾ?" ಎಂದು ಮಾವ ಕೇಳಿದರು.

"ಎಲ್ಲರ ಮನೆ, ಅಜ್ಜ."

"ನಮ್ಮದನ್ನ ಮಾತ್ರ ಮುಟ್ಟಬೇಡ. ಫೇಲಾಗ್ತೀಯ."

ಅವತ್ತೇ ಅವಳಿಗೆ ಪ್ರೊಫೆಸರಮ್ಮ ಎಂದು ಹೆಸರಿಟ್ಟರು. ಸೊಸೆಗೆ ಮಾತ್ರ ಮಗಳ ಓದೆಂದರೆ ಹಿಡಿಸಲಾರದ ಹೆಮ್ಮೆ. ಆ ಉದ್ದನೆಯ ಹೆಸರನ್ನು ಕಲಿತು, ಒಂದೇ ಉಸಿರಿನಲ್ಲಿ ಸೌಟಮ್ಮನಿಗೆ ಒಪ್ಪಿಸಿದ್ದಳು. ಅದೇನು ಹಾಗೆಂದರೆ ಎಂದು ಸೌಟಮ್ಮ ಕೇಳಿದಾಗ, ನಿಮಗೆ ಅರ್ಥವಾಗುವುದಿಲ್ಲ ಬಿಡಿ ಎಂದು ಸೇಡು ತೀರಿಸಿಕೊಂಡಿದ್ದಳು. ಮಗಳು ಒಳ್ಳೆಯ ಹುಡುಗಿ, ಕಲಿತದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವಳಲ್ಲ. ಪಕ್ಕದ ಮನೆಯಾಕೆಯ ಅತ್ತೆಗೆ ಪಾರ್ಶ್ವವಾಯು ಬಡಿದಾಗ, ತುತ್ತಿಡುವುದನ್ನು ನಿಲ್ಲಿಸಿ, ದಪ್ಪ ಹಿಡಿಯ ಚಮಚ ಕೊಟ್ಟು, ಆ ಮುದುಕಿ ತಾನಾಗಿ ಊಟ ಮಾಡುವಂತೆ ಮಾಡಿದವಳು ಇವಳೇ. ಆ ಮುದುಕಿ ಮೊದಲ ತುತ್ತು ತಿಂದು ಅತ್ತಳಂತೆ. ಹಾಗಾಗಿ ಮುಂದೆ ನಡೆದದ್ದಕ್ಕೆ ಓದನ್ನು ದೂರಿ ಪ್ರಯೋಜನವಿಲ್ಲ.

ಮೂರನೆಯ ವರ್ಷದಲ್ಲಿ ಎಲ್ಲ ವಿದ್ಯಾರ್ಥಿಗಳೂ ಮನೆಯ ಹಿರಿಯರೊಬ್ಬರನ್ನು ಆರಿಸಿಕೊಂಡು, ಅವರು ಬೇರೆಯವರಿಂದ ಮಾಡಿಸಿಕೊಳ್ಳುವ ಒಂದು ಕೆಲಸವನ್ನು ತಾವಾಗಿ ಮಾಡಿಕೊಳ್ಳುವಂತೆ ಕಲಿಸಬೇಕಿತ್ತು. ಅದು ಚೆನ್ನಾಗಿ ಆದವರಿಗೆ ದೊಡ್ಡ ಆಸ್ಪತ್ರೆಯ ವೃದ್ಧರ ವಿಭಾಗದಲ್ಲಿ ತರಬೇತಿ. ಅಲ್ಲಿ ತೆಗೆದುಕೊಳ್ಳುವುದು ಇಬ್ಬರನ್ನೇ, ಸೇರಿದರೆ ಕೆಲಸ ಸಿಕ್ಕಂತೆಯೇ. ಒಂದು ರಾತ್ರಿ ಅಪರೂಪಕ್ಕೆ ಎಲ್ಲರೂ ಊಟಕ್ಕೆ ಒಟ್ಟಿಗೆ ಕೂತಿದ್ದರು. ಮಗಳು ಬ್ರೆಡ್ಡು ಮುರಿಯುತ್ತಾ, ತಾನು ಆರಿಸಿಕೊಂಡ ಹಿರಿಯರು ಅಜ್ಜ, ಕಲಿಸುವ ಕೆಲಸ ಗುಂಡಿ ಹಾಕಿಕೊಳ್ಳುವುದು ಎಂದು ತಿಳಿಸಿದಳು.

ಸೊಸೆಯ ಕೈ ಸೂಪಿನ ಪಾತ್ರೆಯ ಮೇಲೇ ನಿಂತಿತು. "ಅದೊಂದು ಬೇಡ ಕಣೆ," ಎಂದಳು. "ಬೇರೆ ಏನಾದ್ರೂ ತಗೋ. ಮಾತ್ರೆ ತಗೊಳ್ಳೋದು, ಹಾಸಿಗೆ ಮಡಚೋದು."

"ಯಾಕಮ್ಮ?"

ಯಾಕೆಂದರೆ ಏನು ಹೇಳುವುದು? ಮಾವ ಎದುರಿಗೇ ಕೂತು ಬಟ್ಟಲಿನೊಳಗೆ ನೋಡುತ್ತಿದ್ದರು. "ಅದರಿಂದ ನಂಗೇನೂ ಕಷ್ಟ ಇಲ್ಲ," ಎಂದಳು.

"ಪ್ರಶ್ನೆ ನಿನ್ನ ಕಷ್ಟದ್ದಲ್ಲಮ್ಮ. ನೀನು ಮಾಡ್ತಾ ಹೋದಷ್ಟೂ ಅಜ್ಜ ಮಾಡೋದು ಬಿಡ್ತಾ ಹೋಗ್ತಾರೆ. ನೀನೇ ಅವರನ್ನ ಕೈಲಾಗದವರನ್ನಾಗಿ ಮಾಡ್ತಿದ್ದೀಯ."

"ಅವಳು ಹೇಳೋದು ಸರಿ," ಎಂದು ಗಂಡ ಸೇರಿಸಿದ. ಅವನು ಯಾವ ಮಾತಿಗೂ ಕಂಬದ ಹಾಗೆ ನಿಲ್ಲುವವನಲ್ಲ, ಗಾಳಿ ಎತ್ತ ಬೀಸಿತೋ ಅತ್ತ.

ಸೊಸೆಗೆ ಆ ಮಾತು ಚುರುಕ್ಕೆಂದಿತು. ಇಷ್ಟು ವರ್ಷ ಬೆಳಗಿನ ಅವಸರದಲ್ಲಿ ಕದ್ದು ಕೊಟ್ಟ ಹೊತ್ತಿಗೆ ಮಗಳ ಬಾಯಲ್ಲಿ ಸಿಕ್ಕ ಹೆಸರು ಇದೋ ಎನಿಸಿತು. ಮಗಳನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಬಹುದಿತ್ತು. ಹೇಳಿದರೆ ಮಾವ ಮೊಮ್ಮಗಳ ಕಣ್ಣಲ್ಲಿ ಸುಳ್ಳುಗಾರರಾಗುತ್ತಾರೆ, ಆ ಸುಳ್ಳಿಗೂ ಅವಳ ಪುಸ್ತಕದಲ್ಲಿ ಒಂದು ಹೆಸರಿರುತ್ತದೆ. ಇದೊಂದು ಕಾರಣ. ಓದಿದವಳು ನೀನು, ನೀನೇ ನೋಡಿಕೋ ಎಂಬ ಬಿಗುಮಾನ ಇನ್ನೊಂದು. ಮೂರನೆಯದೂ ಇತ್ತು, ಅದನ್ನು ಅವಳು ಆಗ ತನಗೇ ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಒಂದು ಕೆಲಸ ಕಡಿಮೆಯಾದರೆ ಓಡದೆ ಬಸ್ಸು ಹಿಡಿಯಬಹುದು. ಅವಳೂ ಮನುಷ್ಯಳೇ, ಅವಳ ಮಂಡಿಯೂ ನೋಯುತ್ತಿತ್ತು.

ಮಾವ ಚಮಚ ಕೆಳಗಿಟ್ಟರು. "ಆಗಲಿ ಪ್ರೊಫೆಸರಮ್ಮ. ನಾನೇ ನಿನ್ನ ಸ್ಲೇಟು. ಬರಿ," ಎಂದರು.

ಮರುದಿನದಿಂದಲೇ ಪಾಠ ಶುರುವಾಯಿತು. ಅದಕ್ಕೊಂದು ಕ್ರಮವಿತ್ತು. ಹಿರಿಯರು ತಡಕಾಡುವಾಗ ನೋಡುವವರ ಕೈ ತಾನಾಗಿ ಮುಂದೆ ಹೋಗಿಬಿಡುತ್ತದಂತೆ, ಆದ್ದರಿಂದ ಜೊತೆಯಲ್ಲಿರುವವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಾಯಲ್ಲಿ ಧೈರ್ಯ ಹೇಳಬಹುದು, ಮುಟ್ಟುವಂತಿಲ್ಲ. ಸೊಸೆ ತಪ್ಪು ಮಾಡಿದ ಹುಡುಗಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದಳು. ಮಾವ ಮೇಲಿನ ಗುಂಡಿಯನ್ನು ಹಿಡಿದರು, ಜಾರಿಸಿದರು, ಎರಡನೆಯ ತೂತಿಗೆ ತುರುಕಿದರು, ನಿಟ್ಟುಸಿರು ಬಿಟ್ಟರು, ಹಣೆ ಒರೆಸಿಕೊಂಡರು. ಆಹಾ, ಏನು ಅಭಿನಯ. ಮಗಳ ಕಣ್ಣು ಒದ್ದೆಯಾಯಿತು. ಪರವಾಗಿಲ್ಲ ಅಜ್ಜ, ನಾಳೆ ಆಗುತ್ತದೆ ಎಂದಳು.

ಅವಳು ಹೊರಟ ಮೇಲೆ ಮಾವ ಅಡುಗೆಮನೆಗೆ ಬಂದು ಟೀ ಲೋಟ ತೆಗೆದುಕೊಂಡು, ಎತ್ತಲೋ ನೋಡುತ್ತಾ, "ಎಷ್ಟು ವಾರದ್ದಂತೆ ಇದು?" ಎಂದು ಕೇಳಿದರು.

"ಏಳು ಅಂದ ಹಾಗಿತ್ತು."

ಅವರು ಗದ್ದ ಎದೆಗೆ ತಾಗಿಸಿ ತಮ್ಮ ಅಂಗಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿಕೊಂಡರು. "ಹ್ಞೂಂ, ಸರಿಹೋಗುತ್ತೆ," ಎಂದು ಲೋಟ ಹಿಡಿದು ಹೊರಟುಹೋದರು.

ವಾರಕ್ಕೊಂದು ಗುಂಡಿಯಂತೆ ಮಾವ ಕಲಿಯುತ್ತಾ ಹೋದರು. ಮೊದಲ ವಾರದ ಕೊನೆಗೆ ಕಾಲರಿನದು ತೂತಿಗೆ ಸೇರಿತು. ಎರಡನೆಯ ವಾರದ ಕೊನೆಗೆ ಅದರ ಕೆಳಗಿನದು. ನಡುವೆ ಒಂದೆರಡು ದಿನ ಹಿಂದೆ ಬಿದ್ದಂತೆಯೂ ಮಾಡಿದರು, ತೀರಾ ಸಲೀಸಾದರೆ ಮಾಸ್ತರಿಗೆ ಅನುಮಾನ ಬರುತ್ತದೆಂದು ಅವರಿಗೆ ತಿಳಿಯದೇ? ಮಗಳು ದಿನವೂ ಹುರುಪಿನಿಂದ ಬರುವಳು. ಅಜ್ಜನಿಗೆಂದು ಮೆತ್ತಗಿನ ರಬ್ಬರ್ ಚೆಂಡು ತಂದು, ಹಿಸುಕಲು ಹೇಳಿದಳು. ಅಜ್ಜ ಅದನ್ನು ಹಿಸುಕುವುದು ಬಿಟ್ಟು ಪಕ್ಕದ ಮನೆಯ ಬೆಕ್ಕಿಗೆ ಎಸೆದು ಆಡಿಸಿದರು. ಸೊಸೆಗೆ ಒಮ್ಮೊಮ್ಮೆ ನಗು ತಡೆಯದೆ ಒಲೆಯ ಕಡೆ ತಿರುಗಿಕೊಳ್ಳಬೇಕಾಗುತ್ತಿತ್ತು. ಮೊಮ್ಮಗಳ ಕೆಲಸಕ್ಕಾಗಿ ಅವರು ತಮ್ಮ ನೆವವನ್ನು ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದಾರೆ ಎಂಬುದು ನಗು ನಿಂತ ಮೇಲೆ ಹೊಳೆಯುತ್ತಿತ್ತು.

ಕಥೆಗಳೂ ಕಡಿಮೆಯಾಗಿದ್ದವು. ಮಗಳು ಎದುರಿಗಿದ್ದಾಗ ಬ್ಯಾಂಕಿನ ಮ್ಯಾನೇಜರನೂ ಬರುತ್ತಿರಲಿಲ್ಲ, ಸೌಟಮ್ಮನೂ ಬರುತ್ತಿರಲಿಲ್ಲ. ಪಾಠ ಮುಗಿದರೆ ಎಲ್ಲ ಮೊದಲಿನಂತಾಗುತ್ತದೆ, ಮಾವ ಮತ್ತೇನಾದರೂ ನೆವ ಹುಡುಕಿಕೊಳ್ಳುತ್ತಾರೆ ಎಂದು ಸೊಸೆ ನಂಬಿದ್ದಳು. ಮೋಜಿನ ವಿಷಯವೆಂದರೆ ಮಾವನೂ ಹಾಗೆಯೇ ಅಂದುಕೊಂಡಿದ್ದರೋ ಏನೋ. ಕೊನೆಯ ವಾರ ಬೂಟಿನ ಲೇಸು ಕಟ್ಟಲು ಬಗ್ಗಿದರೆ ತಲೆ ಸುತ್ತುತ್ತದೆ ಎಂದು ಎರಡು ಸಲ ಅವಳ ಕಿವಿಗೆ ಬೀಳುವಂತೆ ಹೇಳಿದ್ದರು.

ಏಳನೆಯ ವಾರ ಯೂನಿವರ್ಸಿಟಿಯ ಮೇಡಂ ಮನೆಗೆ ಬಂದರು. ಸಣ್ಣ ಕನ್ನಡಕ, ಮೆಲು ಮಾತು, ಒಳ್ಳೆಯ ಹೆಂಗಸು. ಗಂಡ ರಜೆ ಹಾಕಿ, ಮದುವೆ ಮನೆಗೆ ಹೊರಟವನಂತೆ ತಲೆ ಬಾಚಿ ಕೂತಿದ್ದ. ಸೊಸೆ ಕೇಕು ತರಿಸಿದ್ದಳು. ಮಾವ ನಡುಮನೆಯ ಕುರ್ಚಿಯಲ್ಲಿ ಕೂತು, ಕಾಲರಿನಿಂದ ಶುರು ಮಾಡಿ, ಏಳೂ ಗುಂಡಿ ಹಾಕಿ ಮುಗಿಸಿದರು. ಕೊನೆಯದಕ್ಕೆ ಬಂದಾಗ ದರ್ಜಿಯ ಕೈ ಸುಮ್ಮನಿರಲಾರದೆ ಅಂಚನ್ನು ಚಟಕ್ಕನೆ ಎಳೆದು ಮಡಿಕೆ ಸರಿ ಮಾಡಿತು. ಮೇಡಂ ಚಪ್ಪಾಳೆ ತಟ್ಟಿದರು. ಮಗಳ ಮುಖ ನೋಡಬೇಕಿತ್ತು. ಅದನ್ನು ನೋಡುತ್ತಾ ಮಾವನ ಮುಖವೂ ಅರಳಿತು, ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಮೇಡಂ ಸೊಸೆಯ ಕಡೆ ತಿರುಗಿದರು. "ಇಷ್ಟು ವರ್ಷ ನೀವೇ ಮಾಡ್ತಿದ್ರಂತೆ. ಈಗ ನಿಮಗೂ ಒಂದು ಹೊರೆ ಇಳಿದ ಹಾಗಾಯ್ತಲ್ವಾ?"

ಮಗಳು ಮೇಡಂ ಹಿಂದೆ ನಿಂತು ತಾಯಿಯನ್ನೇ ನೋಡುತ್ತಿದ್ದಳು. ಹೌದೆಂದರೆ ಮಗಳಿಗೆ ಒಳ್ಳೆಯದು ಎಂಬುದು ಸೊಸೆಗೆ ಗೊತ್ತಿತ್ತು.

"ಹೌದು ಮೇಡಂ," ಎಂದಳು. "ಬೆಳಗಿನ ಹೊತ್ತು ಒಂದು ನಿಮಿಷ ಸಿಗ್ತಿರಲಿಲ್ಲ. ಬೇಡಪ್ಪಾ ಬೇಡ ಅನ್ನಿಸಿಬಿಡ್ತಿತ್ತು. ಈಗ ಆರಾಮು."

ಬರೀ ಹೌದೆಂದಿದ್ದರೆ ಸಾಕಿತ್ತು. ಉಳಿದದ್ದು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಮಗಳಿಗಾಗಿ ಆಡಿದ ಮಾತು ಅದು ಎಂದು ಆಮೇಲೆ ಎಷ್ಟು ಸಮಾಧಾನ ಹೇಳಿಕೊಂಡರೂ, ಮಂಡಿ ನೋವಿನ ಆ ಮೂರನೆಯ ಕಾರಣ ಅದರೊಳಗೆ ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ತಲೆಯೆತ್ತಿ ನೋಡಿದಾಗ ಮಾವ ಅಂಗಿಯ ಕೊನೆಯ ಗುಂಡಿಯನ್ನು ಬೆರಳಲ್ಲಿ ತಿರುವುತ್ತಿದ್ದರು. ಮೇಡಂಗೆ ಇನ್ನೊಂದು ತುಂಡು ಕೇಕು ಹಾಕು ಎಂದಷ್ಟೇ ಹೇಳಿದರು.

ಮಗಳು ಆಸ್ಪತ್ರೆಯ ತರಬೇತಿಗೆ ಆಯ್ಕೆಯಾದಳು. ಸುದ್ದಿ ಬಂದ ದಿನ ಅಜ್ಜನನ್ನು ತಬ್ಬಿಕೊಂಡು, ಇದು ನಿಮ್ಮಿಂದ ಎಂದಳು. ಅಜ್ಜ, ಹಾಗಾದರೆ ಮೊದಲ ಸಂಬಳದಲ್ಲಿ ನನಗೊಂದು ಗುಂಡಿಯಿಲ್ಲದ ಅಂಗಿ ಕೊಡಿಸು ಎಂದು ನಗಿಸಿದರು.

ಮಾರನೆಯ ದಿನ ಬೆಳಿಗ್ಗೆ ಸೊಸೆ ಚಪ್ಪಲಿ ಸದ್ದು ಮಾಡುತ್ತಾ ಕೋಣೆಗೆ ಹೋದಾಗ ಮಾವ ಆಗಲೇ ಅಂಗಿ ತೊಟ್ಟು, ಬೂಟು ಹಾಕಿ, ಲೇಸನ್ನೂ ಕಟ್ಟಿ ಕೂತಿದ್ದರು. ಏನು ಎಂಬಂತೆ ನೋಡಿದರು. ಇವಳು ತಡವರಿಸಿ, ಒಗೆಯುವ ಬಟ್ಟೆ ಇದೆಯೇ ಎಂದು ಕೇಳಿದಳು. ನಾನೇ ಬಕೆಟ್ಟಿಗೆ ಹಾಕಿದ್ದೇನೆ ಎಂದರು ಅವರು. ಅದರ ಮಾರನೆಯ ದಿನವೂ ಹಾಗೆಯೇ. ಕಾಲರು ಸರಿಯಿಲ್ಲ ಎನ್ನೋಣವೆಂದರೆ ದರ್ಜಿಯ ಕಾಲರು ಸರಿಯಿಲ್ಲದೆ ಇರುವುದುಂಟೇ? ಟೀ ಸಪ್ಪೆಯಾದರೂ ಬೈಯಲಿಲ್ಲ. ತಟ್ಟೆಯನ್ನು ತಾವೇ ತೊಳೆದಿಡತೊಡಗಿದರು. ಸೊಸೆ ಈಗ ಓಡದೆ ಬಸ್ಸು ಹಿಡಿಯುತ್ತಿದ್ದಳು, ಕೂರಲು ಸೀಟೂ ಸಿಗುತ್ತಿತ್ತು. ಕಿಟಕಿಯ ಪಕ್ಕ ಕೂತು, ನಿನ್ನೆ ಸೌಟಮ್ಮ ಅಂದದ್ದನ್ನು ಯಾರಿಗೆ ಹೇಳುವುದೆಂದು ಯೋಚಿಸುತ್ತಿದ್ದಳು. ಒಂದು ಸಲ ಗಂಡನಿಗೆ ಹೇಳಲು ಹೋದಳು. ಅವನು ಕೇಳಿದ, ಪಾಪ, ಕೇಳುತ್ತಲೇ ನಿದ್ದೆ ಹೋದ.

ಒಂದು ಭಾನುವಾರ ಧೈರ್ಯ ಮಾಡಿ, "ಮಾವ, ಆ ಮೇಡಂ ಎದುರಿಗೆ ಏನೋ ಬಾಯಿಗೆ ಬಂದದ್ದು ಅಂದೆ," ಎಂದಳು.

"ಏನಂದೆ? ನಂಗೆ ನೆನಪಿಲ್ಲಮ್ಮ," ಎಂದರು.

ಅಮ್ಮ! ಏಯ್ ಹೋಗಿ ಅಮ್ಮ ಬಂದಿತ್ತು. ಬೇರೆ ಯಾವ ಸೊಸೆಯಾದರೂ ಹಿಗ್ಗುತ್ತಿದ್ದಳು. ಇವಳು ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತಾ ನಿಂತಳು.

ಬೇಸಿಗೆ ಕಳೆದು ಚಳಿ ಬಂತು. ಮಾವ ಸೂಪು ಬಿಟ್ಟರು. ಅದೇನೋ ಈಗ ರುಚಿಸುವುದಿಲ್ಲವಂತೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು, ಚಳಿಗೆ ಹಿತವಾಗುತ್ತದಂತೆ. ಪೇಪರಿನ ಹಾಳೆ ತಿರುವದೆ ಒಂದೇ ಪುಟವನ್ನು ಬಹಳ ಹೊತ್ತು ಓದುವರು. ಇವೆಲ್ಲ ಸೊಸೆಯ ಕಣ್ಣಿಗೆ ಬಿದ್ದವು, ಆದರೆ ಒಂದಕ್ಕೊಂದು ಸೇರಲಿಲ್ಲ. ಒಂದು ಮಧ್ಯಾಹ್ನ ಅವಳು ಕೆಲಸದಿಂದ ಬಂದಾಗ ಮಾವನ ಕೋಣೆಯಿಂದ ಹೊಲಿಗೆ ಮೆಷಿನ್ನಿನ ಕಿರುಗುಟ್ಟುವ ಸದ್ದು ಕೇಳಿತು. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು. ಬಾಗಿಲು ಮುಚ್ಚಿತ್ತು. ಸಂಜೆ ಮಗಳಿಗೆ ತಿಳಿಸಿದಾಗ ಅವಳು ಕುಣಿಯುವುದೊಂದು ಬಾಕಿ. ನೋಡಿದೆಯಾ ಅಮ್ಮ, ಒಂದು ಕೆಲಸ ಕೈಗೆ ಬಂದರೆ ಉಳಿದದ್ದಕ್ಕೂ ಧೈರ್ಯ ಬರುತ್ತದೆ ಎಂದಳು. ಸೊಸೆಗೂ ಹೌದೆನ್ನಿಸಿತು. ಅಷ್ಟಾದರೂ ಒಳ್ಳೆಯದಾಯಿತು ಎಂದುಕೊಂಡಳು.

ಆ ವಾರ ಬಟ್ಟೆ ಒಗೆಯಲು ಕೂತಾಗ ಮಾವನ ನೀಲಿ ಅಂಗಿ ಕೈಗೆ ಬಂತು. ತಿರುವಿ ಹಾಕಲು ಗುಂಡಿ ಬಿಚ್ಚಹೋದಳು, ಬಿಚ್ಚಿಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಮೇಲಿನೆರಡನ್ನು ಬಿಟ್ಟು ಉಳಿದ ಗುಂಡಿಗಳೆಲ್ಲ ತಮ್ಮ ತಮ್ಮ ತೂತಿನಲ್ಲೇ ಇದ್ದವು. ಎರಡನೆಯ ಗುಂಡಿಯ ಕೆಳಗಿನಿಂದ ತುದಿಯವರೆಗೆ ಅಂಗಿಯ ಎರಡು ಅಂಚನ್ನೂ ಸೇರಿಸಿ ಮೆಷಿನ್ನಿನಲ್ಲಿ ಹೊಲಿದುಬಿಟ್ಟಿದ್ದರು. ಬನಿಯನ್ನಿನಂತೆ ತಲೆಯ ಮೇಲಿಂದ ಎಳೆದು ತೊಟ್ಟುಕೊಂಡರಾಯಿತು, ನೋಡುವವರಿಗೆ ಗುಂಡಿ ಹಾಕಿದಂತೆಯೇ ಕಾಣುತ್ತದೆ. ಬಕೆಟ್ಟಿನಲ್ಲಿದ್ದ ಬಿಳಿಯದೂ ಹಾಗೆಯೇ, ಗೀರಿನದೂ ಹಾಗೆಯೇ. ಇದೇನು ಹುಚ್ಚಾಟ, ನಾಟಕ ಇನ್ನೂ ಮುಗಿದಿಲ್ಲವೇ ಎಂದು ಅವಳಿಗೆ ಮೊದಲು ನಗು ಬಂತು.

ಆಮೇಲೆ ಹೊಲಿಗೆಯನ್ನು ನೋಡಿದಳು. ಅದು ಸೊಟ್ಟಗಿತ್ತು. ಎಡಕ್ಕೆ ಹೋಗಿ, ಬಲಕ್ಕೆ ಬಂದು, ಒಂದು ಕಡೆ ಗುಂಡಿಗೇ ಸೂಜಿ ಬಡಿದು ಚೂರು ಹಾರಿತ್ತು. ಗೆರೆ ಎಳೆಯದೆ ಗೆರೆಯ ಹಾಗೆ ಹೊಲಿಯುತ್ತಿದ್ದ ಮನುಷ್ಯ, ಬೇರೆಯವರ ಸೊಟ್ಟ ಹೊಲಿಗೆ ಕಂಡರೆ ಬೀದಿಯಲ್ಲೇ ನಿಂತು ಮೂಗು ಮುರಿಯುತ್ತಿದ್ದ ಮನುಷ್ಯ. ಸೂಪು, ಟೀ ಲೋಟ, ಪೇಪರಿನ ಪುಟ ಎಲ್ಲವೂ ಈಗ ಒಟ್ಟಿಗೆ ಬಂದು ಅವಳ ಎದುರು ನಿಂತವು. ಮಾವನ ಬೆರಳು ನಿಜವಾಗಿಯೂ ಮಾತು ಕೇಳುತ್ತಿರಲಿಲ್ಲ. ಬೆರಳು ಸರಿಯಿದ್ದಾಗ ಬಾಗಿಲಿಗೆ ಬಂದು ನಿಂತವರು, ಕೆಟ್ಟ ಮೇಲೆ ಬಾಗಿಲು ಮುಚ್ಚಿಕೊಂಡು ಹೊಲಿಯುತ್ತಿದ್ದರು.

ಅವಳು ಒದ್ದೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಮಗಳು ಬಂದಳು. ಸೊಸೆ ಅಂಗಿಯನ್ನು ತೋರಿಸಿದಳು. ಮಗಳು ಆಸ್ಪತ್ರೆಯ ತರಬೇತಿಯಲ್ಲಿ ಸಾಕಷ್ಟು ನೋಡಿದ್ದವಳು, ಹೆಚ್ಚು ವಿವರಿಸಬೇಕಾಗಲಿಲ್ಲ. ಡಾಕ್ಟರಿಗೆ ತೋರಿಸಬೇಕು, ನಾಳೆಯೇ ಕರೆದೊಯ್ಯುತ್ತೇನೆ ಎಂದಳು. ಅಷ್ಟು ಚೆನ್ನಾಗಿ ಕಲಿತಿದ್ದರಲ್ಲ ಅಮ್ಮ ಎಂದಳು.

"ಕಲೀಲಿಲ್ಲ ಕಣೆ. ಬರ್ತಿತ್ತು," ಎಂದಳು ಸೊಸೆ. "ಮೊದಲಿಂದ್ಲೂ ಬರ್ತಿತ್ತು."

ಕನ್ನಡಿಯ ಮುಂದಿನ ಆ ಬೆಳಗಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಗಳು ನೆಲದ ಮೇಲೆ ಅವಳ ಪಕ್ಕದಲ್ಲೇ ಕುಸಿದು ಕೂತಳು.

"ಯಾಕಮ್ಮ ಹೇಳಲಿಲ್ಲ ನಂಗೆ?"

"ಅವರ ಮಾನ ಉಳಿಸೋಕೆ ಅಂದ್ಕೊಂಡಿದ್ದೆ." ಸೊಸೆ ಅಂಗಿಯನ್ನು ಹಿಂಡಿದಳು, ಆಗಲೇ ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ನೀನು ನಂಗೆ ಹಾಗಂದ್ಯಲ್ಲ ಅಂತ ಸಿಟ್ಟೂ ಇತ್ತು. ನಂಗೂ ಸಾಕಾಗಿತ್ತು. ಯಾವುದು ಎಷ್ಟು ಅಂತ ನನ್ನ ಕೇಳಬೇಡ."

ಮಗಳು ಎದ್ದು ಸಣ್ಣ ಕತ್ತರಿ ತಂದಳು. ಎಲ್ಲದಕ್ಕೂ ಒಂದು ಹೆಸರು ಹೇಳುತ್ತಿದ್ದವಳಿಗೆ ಅಂದು ಯಾವ ಹೆಸರೂ ಹೊಳೆದ ಹಾಗಿರಲಿಲ್ಲ. ಇಬ್ಬರೂ ಸೇರಿ ಹೊಲಿಗೆ ಬಿಚ್ಚಿದರು. ಸೊಟ್ಟ ಹೊಲಿಗೆ ಬಿಚ್ಚುವುದು ನೆಟ್ಟಗಿನದಕ್ಕಿಂತ ಕಷ್ಟ. ಬಟ್ಟೆ ಹರಿಯದ ಹಾಗೆ ಒಂದೊಂದೇ ನೂಲನ್ನು ಎಳೆಯಬೇಕಾಯಿತು. ಅಂಗಿಗಳನ್ನು ಒಣಗಿಸಿ, ಇಸ್ತ್ರಿ ಮಾಡಿ, ಸಂಜೆ ಮಾವ ಬೀದಿಗೆ ಹೋದಾಗ ಅವರ ಕಪಾಟಿನಲ್ಲಿ ಮೊದಲಿನಂತೆ ಜೋಡಿಸಿಟ್ಟರು.

ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟಿಕೊಂಡು, ನೆಲಕ್ಕೆ ಉಜ್ಜುತ್ತಾ, ಎಂದಿಗಿಂತ ನಿಧಾನವಾಗಿ ನಡೆದು ಹೋದಳು. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು. ನೀಲಿ ಅಂಗಿ ತೆರೆದೇ ಇತ್ತು. ಎದೆಯ ಬಿಳಿ ಕೂದಲು, ಎದ್ದು ಕಾಣುವ ಮೂಳೆ. ಕೈ ಮಂಡಿಯ ಮೇಲಿದ್ದು ಸಣ್ಣಗೆ ಅದುರುತ್ತಿತ್ತು. ಹೊಲಿಗೆ ಬಿಚ್ಚಿದವರು ಯಾರೆಂದು ಅವರು ಕೇಳಲಿಲ್ಲ. ಅವಳು ಮುಂದೆ ಹೋಗಿ ನಿಂತು ಕಾಲರಿನ ಗುಂಡಿ ಹಿಡಿದಳು.

ತಣ್ಣೀರಿನಲ್ಲಿ ಪಾತ್ರೆ ತೊಳೆದು ಹಾಗೆಯೇ ಬಂದಿದ್ದಳು, ಕೈ ಮಂಜುಗಡ್ಡೆಯಾಗಿತ್ತು. ಬೇಕೆಂದೇ ಒರೆಸಿಕೊಂಡಿರಲಿಲ್ಲ. ಕತ್ತಿಗೆ ತಾಗಿದಾಗ ಮಾವ ಕಣ್ಣು ಮುಚ್ಚಿದರು, ಅಷ್ಟೇ. ಕಾಲರನ್ನು ಒಂದಿಷ್ಟು ಹೆಚ್ಚೇ ಜಗ್ಗಿದಳು. ಅವರು ಕತ್ತನ್ನು ಅನುಕೂಲವಾಗುವಂತೆ ಅತ್ತ ತಿರುಗಿಸಿ ಕೊಟ್ಟರು. ನಾಲ್ಕನೆಯ ಗುಂಡಿಗೆ ಬಂದಾಗ ಅವಳೇ ಶುರು ಮಾಡಿದಳು. ನಿನ್ನೆ ಸೌಟಮ್ಮ ಹಾಲನ್ನೆಲ್ಲ ಉಕ್ಕಿಸಿಬಿಟ್ಟು, ತಪ್ಪು ಒಲೆಯದು ಎಂದಳು ಅಂತ.

"ಹೌದಾ," ಎಂದರು ಮಾವ.

ಕೊನೆಯ ಗುಂಡಿ ಹಾಕಿ ಅಂಗಿಯ ಅಂಚನ್ನು ಎಳೆದು ಮಡಿಕೆ ಸರಿ ಮಾಡಿದಳು. ಏನಾದರೊಂದು ಬರಲಿ ಎಂದು ಕಾದು ನಿಂತಳು. ಏಯ್ ಎನ್ನಲಿ, ಕತ್ತು ಹಿಸುಕಿದೆ ಎನ್ನಲಿ, ಆಸ್ತಿಯ ಮಾತೆತ್ತಲಿ. ಮಾವ ಆಸ್ಪತ್ರೆಯಲ್ಲಿ ನರ್ಸಿನ ಮುಖ ನೋಡುವವರ ಹಾಗೆ ತಲೆಯೆತ್ತಿ ನೋಡಿದರು.

"ಥ್ಯಾಂಕ್ಸ್ ಕಣಮ್ಮ," ಎಂದರು. "ನಿಂಗೆ ಕೆಲಸಕ್ಕೆ ಹೊತ್ತಾಗುತ್ತೆ, ಹೋಗು."

ಇಷ್ಟು ವರ್ಷದಲ್ಲಿ ಈ ಮನುಷ್ಯನ ಯಾವ ಬೈಗುಳಕ್ಕೂ ಅವಳ ಹತ್ತಿರ ಉತ್ತರವಿಲ್ಲದೆ ಇರಲಿಲ್ಲ. ಥ್ಯಾಂಕ್ಸ್ ಎಂದದ್ದು ಇದೇ ಮೊದಲು. ಇನ್ನೂ ಹೊತ್ತಿದೆ ಮಾವ ಎಂದಳು. ಆದರೂ ಅವರು ಹೋಗು ಎಂಬಂತೆ ಬಾಗಿಲ ಕಡೆ ತಿರುಗಿದ್ದರಿಂದ, ಚಪ್ಪಲಿಯ ಸದ್ದಾಗದಂತೆ ಹೊರಗೆ ಬಂದಳು.